ಹೊಸ ವರ್ಷದ ದಾಖಲೆಗೆ ಬರಿದಾದ ಖಾನೆಗಳು: ಕಂಪ್ಯೂಟರಿನ ಫೋಲ್ಡರು ರಚನೆಯನ್ನು ಮಾತ್ರ ನಕಲು ಮಾಡುವ ಕ್ರಮ

ಕಳೆದ ವರ್ಷದ ಕಾಳು ತಳದಲ್ಲಿ ಉಳಿದಿರುವಾಗಲೇ ಅದರ ಮೇಲೆ ಹೊಸ ಬಿತ್ತನೆ ಬೀಜವನ್ನು ಸುರಿಯುವ ಒಕ್ಕಲಿಗನು ಇರಲಾರನು. ಕಣಜವನ್ನು ಬರಿದು ಮಾಡಿ, ಗುಡಿಸಿ, ಸಾರಿಸಿ, ಒಣಗಿಸಿದ ತರುವಾಯವೇ ಅದರಲ್ಲಿ ಹೊಸ ಬೀಜಕ್ಕೆ ಎಡೆ. ಹಳೆಯದೂ ಹೊಸದೂ ಒಮ್ಮೆ ಬೆರೆತರೆ ಮೊಳೆಯುವ ಕಾಳು ಯಾವುದು, ಮೊಳೆಯದ ಕಾಳು ಯಾವುದು ಎಂಬುದನ್ನು ಆಮೇಲೆ ಯಾರೂ ಬೇರ್ಪಡಿಸಲಾರರೆಂಬುದು ಅವನಿಗೆ ಅನುಭವದಿಂದ ತಿಳಿದಿದೆ. ಇಷ್ಟೇ ಎಚ್ಚರವು ಕಚೇರಿಯ ಕಂಪ್ಯೂಟರಿನಲ್ಲಿ ದಾಖಲೆಗಳನ್ನಿಡುವವರಿಗೂ ಅವಶ್ಯವಾದುದು. ಕ್ಷೇತ್ರ ಸಿಬ್ಬಂದಿಯವರ ಮತ್ತು ಗುಮಾಸ್ತರ ಉಪಯೋಗಕ್ಕಾಗಿ ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ರಚನೆ ಎಂದರೇನು

ಕಂಪ್ಯೂಟರಿನಲ್ಲಿ ಫೋಲ್ಡರು ಎಂಬುದು ಒಂದು ಖಾನೆ. ಫೈಲು ಎಂಬುದು ಆ ಖಾನೆಯೊಳಗಿಟ್ಟ ಕಾಗದ. ಒಂದು ಖಾನೆಯೊಳಗೆ ಮತ್ತೆ ಬೇರೆ ಖಾನೆಗಳಿರಬಹುದು. ಉದಾಹರಣೆಗೆ, ಒಂದು ಕಚೇರಿಯಲ್ಲಿ ಬೆಳೆ ಸಮೀಕ್ಷೆಯ ದಾಖಲೆಗಳಿಗಾಗಿ 2024-25 ಎಂಬ ಫೋಲ್ಡರು ಇದೆಯೆಂದು ಭಾವಿಸೋಣ. ಅದರೊಳಗೆ 3 ಹೋಬಳಿಗಳು. ಪ್ರತಿ ಹೋಬಳಿಯಲ್ಲಿ 30 ಗ್ರಾಮಗಳು. ಪ್ರತಿ ಗ್ರಾಮದಲ್ಲಿ ಮುಂಗಾರು, ಹಿಂಗಾರು, ಬೇಸಿಗೆ ಎಂಬ 3 ಖಾನೆಗಳು. ಲೆಕ್ಕ ಹಾಕಿದರೆ 3, 90 ಮತ್ತು 270, ಒಟ್ಟು 363 ಫೋಲ್ಡರುಗಳಾಗುತ್ತವೆ. ಇವು ಒಂದರೊಳಗೊಂದು ಇರುವ ಈ ಏರ್ಪಾಡಿಗೆ ರಚನೆಯೆಂದು ಹೆಸರು. 2025-26ನೆಯ ಸಾಲಿಗೆ ಇದೇ ಏರ್ಪಾಡು ಬೇಕು; ಆದರೆ ಹಳೆಯ ಕಾಗದ ಒಂದೂ ಬೇಡ.

2. ಇಡಿಯಾಗಿ ನಕಲು ಮಾಡುವುದರಿಂದಾಗುವ ಕೇಡು

363 ಖಾನೆಗಳನ್ನು ಒಂದೊಂದಾಗಿ ಕೈಯಿಂದ ಮಾಡುವುದು ಬೇಸರದ ಕೆಲಸ. ನಡುವೆ ಒಂದು ಗ್ರಾಮ ಬಿಟ್ಟುಹೋದರೂ ಗೊತ್ತಾಗುವುದಿಲ್ಲ. ಆದುದರಿಂದ ಹಲವರು ಹಳೆಯ ವರ್ಷದ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಅದಕ್ಕೆ ಹೊಸ ಹೆಸರಿಟ್ಟು, ಒಳಗಿನ ಫೈಲುಗಳನ್ನು ಆಮೇಲೆ ಅಳಿಸುವುದುಂಟು. ಇದರಲ್ಲಿ ಎರಡು ಅಪಾಯಗಳಿವೆ.

ಮೊದಲನೆಯದು, ಅಳಿಸುವಾಗ ಕೈ ತಪ್ಪಿ ಮೂಲ ಫೋಲ್ಡರಿನ ದಾಖಲೆಗಳೇ ಹೋಗಬಹುದು. ನಕಲೂ ಮೂಲವೂ ನೋಡುವುದಕ್ಕೆ ಒಂದೇ ತೆರನಾಗಿರುತ್ತವೆ.

ಎರಡನೆಯದು ಇದಕ್ಕಿಂತಲೂ ಕೆಟ್ಟುದು. ಅಳಿಸದೆ ಉಳಿದ ಒಂದು ಹಳೆಯ ತಃಖ್ತೆಯು ಹೊಸ ವರ್ಷದ ಖಾನೆಯಲ್ಲಿ ಕುಳಿತು, ತಾನೇ ಈ ವರ್ಷದ ಲೆಕ್ಕವೆಂದು ತೋರಿಸಿಕೊಳ್ಳುತ್ತದೆ. ಹೋದ ವರ್ಷ ರಾಗಿ ಇದ್ದ ಜಮೀನಿನಲ್ಲಿ ಈ ವರ್ಷ ತೊಗರಿ ಇರಬಹುದು. ಆದರೂ ಕಾಗದವು ರಾಗಿಯೆಂದೇ ಹೇಳುತ್ತದೆ. ಮಳೆ ಕೈಕೊಟ್ಟು ಪರಿಹಾರದ ಪಟ್ಟಿ ಸಿದ್ಧವಾಗುವಾಗ ಆ ರೈತನ ಬೆಳೆಗೂ ದಾಖಲೆಗೂ ಹೊಂದಿಕೆಯಿರುವುದಿಲ್ಲ. ತಪ್ಪು ಕಚೇರಿಯದು, ಅಲೆದಾಟ ರೈತನದು.

ಬರಿದಾದ ಖಾನೆಯು ಹೀಗೆ ಮೋಸ ಮಾಡುವುದಿಲ್ಲ. ಅದನ್ನು ತೆರೆದೊಡನೆಯೇ ಆ ಗ್ರಾಮದ ಕೆಲಸ ಇನ್ನೂ ಬಾಕಿಯಿದೆಯೆಂದು ತಿಳಿಯುತ್ತದೆ. ಖಾನೆಗಳನ್ನು ಬರಿದಾಗಿಯೇ ಆರಂಭಿಸುವುದರ ಮುಖ್ಯ ಪ್ರಯೋಜನ ಇದೇ.

3. ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡುವ ಕ್ರಮ

ವಿಂಡೋಸಿನಲ್ಲಿ ಎಕ್ಸ್‌ಕಾಪಿ ಎಂಬ ಆಜ್ಞೆಯೊಂದುಂಟು. ಮೊದಲು ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಸಿ, ಎಂ, ಡಿ ಎಂಬ ಮೂರಕ್ಷರಗಳನ್ನು ಹೊಡೆದು ಎಂಟರ್ ಒತ್ತತಕ್ಕದ್ದು. ಆಜ್ಞೆಗಳನ್ನು ಬರೆಯುವ ಕಿಟಕಿಯು ತೆರೆದುಕೊಳ್ಳುತ್ತದೆ. ಹಳೆಯ ಫೋಲ್ಡರು ಡಿ ಡ್ರೈವಿನಲ್ಲಿದ್ದರೆ ಅಲ್ಲಿ ಬರೆಯಬೇಕಾದುದು ಹೀಗೆ:

ಎಕ್ಸ್‌ಕಾಪಿ ಡಿ:\2024-25 ಡಿ:\2025-26 /ಟಿ /ಇ /ಐ

ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಹೊಡೆಯತಕ್ಕದ್ದು. ಎಕ್ಸ್‌ಕಾಪಿ ಎಂಬುದಕ್ಕೆ ಎಕ್ಸ್, ಸಿ, ಓ, ಪಿ, ವೈ ಎಂಬ ಐದು ಅಕ್ಷರಗಳು. ಆಜ್ಞೆಯಲ್ಲಿ ಮೊದಲು ಬರುವುದು ಮೂಲ, ಎರಡನೆಯದು ಹೊಸತು. ಈ ಅನುಕ್ರಮವನ್ನು ಮರೆಯಲಾಗದು.

ಕೊನೆಯ ಮೂರು ಗುರುತುಗಳ ಅರ್ಥವೇನೆಂದರೆ:

(ಅ) ಟಿ: ರಚನೆಯನ್ನು ಮಾತ್ರ ಮಾಡು, ಫೈಲುಗಳನ್ನು ಬಿಡು.
(ಆ) ಇ: ಮೂಲದಲ್ಲಿ ಬರಿದಾಗಿರುವ ಫೋಲ್ಡರುಗಳನ್ನೂ ಸೇರಿಸು. ಇದನ್ನು ಬಿಟ್ಟರೆ, ಹೋದ ಬೇಸಿಗೆಯಲ್ಲಿ ಬೆಳೆಯಿಲ್ಲದೆ ಬರಿದಾಗಿದ್ದ ಖಾನೆಗಳು ಹೊಸ ವರ್ಷದಲ್ಲಿ ಇಲ್ಲವಾಗುತ್ತವೆ.
(ಇ) ಐ: ಎರಡನೆಯ ಹೆಸರು ಫೋಲ್ಡರಿನದೆಂದು ತಿಳಿ, ಮತ್ತೆ ಕೇಳಬೇಡ.

ಫೋಲ್ಡರಿನ ಹೆಸರಿನ ನಡುವೆ ತೆರವು ಇದ್ದರೆ, ಡ್ರೈವಿನ ಅಕ್ಷರವೂ ಸೇರಿದಂತೆ ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗಿಡಬೇಕು.

4. ಇನ್ನೊಂದು ಆಜ್ಞೆ

ವಿಂಡೋಸ್ ವಿಸ್ಟಾ ಮೊದಲ್ಗೊಂಡು ರೋಬೋಕಾಪಿ ಎಂಬ ಆಜ್ಞೆಯೂ ವಿಂಡೋಸಿನೊಡನೆಯೇ ಬರುತ್ತಿದೆ. ಅದನ್ನು ಬರೆಯುವ ಬಗೆ:

ರೋಬೋಕಾಪಿ ಡಿ:\2024-25 ಡಿ:\2025-26 /ಇ /ಎಕ್ಸ್‌ಎಫ್ *

ಎಕ್ಸ್‌ಎಫ್ ಎಂದರೆ ಮುಂದೆ ಹೇಳಿದ ಫೈಲುಗಳನ್ನು ಬಿಡು ಎಂದು. ನಕ್ಷತ್ರದ ಗುರುತಿಗೆ ಎಲ್ಲವೂ ಎಂದರ್ಥ. ಕೊನೆಗೆ ಎಲ್ ಗುರುತನ್ನೂ ಓರೆಗೆರೆಯೊಡನೆ ಸೇರಿಸಿದರೆ ಕಂಪ್ಯೂಟರು ಏನನ್ನೂ ಮಾಡದೆ, ಮಾಡಬಹುದಾದುದರ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಮೊದಲ ಸಾರಿ ಮಾಡುವವರು ಹೀಗೆ ಪರೀಕ್ಷಿಸಿಕೊಳ್ಳುವುದು ಮೇಲು.

ಆದರೆ ಈ ಆಜ್ಞೆಗೆ ಎಂಐಆರ್ ಎಂಬ ಗುರುತನ್ನು ಯಾವ ಕಾರಣಕ್ಕೂ ಸೇರಿಸಕೂಡದು. ಅದು ಮೂಲದಲ್ಲಿಲ್ಲದ ಫೈಲು ಫೋಲ್ಡರುಗಳನ್ನು ಎರಡನೆಯ ಕಡೆಯಿಂದ ಅಳಿಸಿಹಾಕುವ ಗುರುತು. ಹೊಸ ವರ್ಷದ ಕೆಲಸ ಅರ್ಧವಾಗಿರುವಾಗ ಅದನ್ನು ಬಳಸಿದರೆ ಬೆಳೆದು ನಿಂತ ಪೈರಿಗೆ ದನ ನುಗ್ಗಿಸಿದಂತಾಗುವುದು.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಇದೇ ಕೆಲಸಕ್ಕೆ ಆರ್‌ಸಿಂಕ್ ಎಂಬ ಸಾಧನವನ್ನು ಬಳಸಬಹುದು. ಫೋಲ್ಡರುಗಳನ್ನು ಸೇರಿಸು ಎಂಬ ನಿಯಮವನ್ನು ಮೊದಲೂ, ಉಳಿದುದೆಲ್ಲವನ್ನೂ ಬಿಡು ಎಂಬುದನ್ನು ಆಮೇಲೂ ಕೊಡಬೇಕು. ಮೊದಲು ಹೊಂದಿಕೆಯಾದ ನಿಯಮವನ್ನೇ ಅದು ಪಾಲಿಸುವುದರಿಂದ ಅನುಕ್ರಮ ತಿರುಗಿದರೆ ಕೆಲಸ ಕೆಡುತ್ತದೆ.

5. ಸರಿಯಾಯಿತೆಂದು ತಿಳಿಯುವ ಬಗೆ

ಹೊಸ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಪ್ರಾಪರ್ಟೀಸ್ ಎಂಬುದನ್ನು ತೆರೆಯತಕ್ಕದ್ದು. ಮೇಲಿನ ಉದಾಹರಣೆಯಲ್ಲಿ ಫೈಲುಗಳು 0, ಫೋಲ್ಡರುಗಳು 363 ಎಂದು ಕಾಣಬೇಕು. ಹಳೆಯ ಫೋಲ್ಡರಿನಲ್ಲಿಯೂ ಫೋಲ್ಡರುಗಳ ಸಂಖ್ಯೆ 363 ಇರಬೇಕು. ಎರಡೂ ಸರಿಹೊಂದಿದರೆ ಕೆಲಸ ಸರಿಯಾಗಿದೆ. ಹೊಂದದಿದ್ದರೆ ಇ ಗುರುತು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡತಕ್ಕದ್ದು.

6. ಗಮನದಲ್ಲಿಡಬೇಕಾದ ಅಂಶಗಳು

(ಅ) ವರ್ಷದ ಅಂಕಿಯನ್ನು ಎಲ್ಲಕ್ಕೂ ಮೇಲಿನ ಫೋಲ್ಡರಿನ ಹೆಸರಿನಲ್ಲಿ ಮಾತ್ರ ಇಡತಕ್ಕದ್ದು. ಒಳಗಿನ ಖಾನೆಗೆ ಮುಂಗಾರು-2024 ಎಂದು ಹೆಸರಿಟ್ಟಿದ್ದರೆ ಆ ಹೆಸರೂ ಹಾಗೆಯೇ ನಕಲಾಗಿ ಹಳೆಯ ತಪ್ಪು ಬೇರೆ ಬಾಗಿಲಿನಿಂದ ಒಳಬರುತ್ತದೆ.

(ಆ) ಹಲವರು ಬಳಸುವ ಕಂಪ್ಯೂಟರಿನಲ್ಲಿ ಯಾವ ಫೋಲ್ಡರನ್ನು ಯಾರು ತೆರೆಯಬಹುದೆಂಬ ಅನುಮತಿಗಳು ಮೇಲೆ ಹೇಳಿದ ವಿಂಡೋಸ್ ಆಜ್ಞೆಗಳಿಂದ ನಕಲಾಗುವುದಿಲ್ಲ. ಅವುಗಳನ್ನು ಪುನಃ ಗೊತ್ತುಮಾಡಬೇಕು.

(ಇ) ರಚನೆಯ ನಕಲು ದಾಖಲೆಯ ನಕಲಲ್ಲ. ಬರಿದಾದ ಖಾನೆಗಳು ಸಿದ್ಧವಾದುವೆಂದು ಹಳೆಯ ವರ್ಷದ ಫೋಲ್ಡರನ್ನು ಅಳಿಸಕೂಡದು. ಅದರ ಪೂರ್ಣ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿಡತಕ್ಕದ್ದು.

(ಈ) ಖಾಲಿ ನಮೂನೆಗಳು ಬೇಕಿದ್ದರೆ ಅವುಗಳನ್ನು ನಮೂನೆಗಳೆಂಬ ಪ್ರತ್ಯೇಕ ಫೋಲ್ಡರಿನಲ್ಲಿಟ್ಟು ಅಲ್ಲಿಂದ ತೆಗೆದುಕೊಳ್ಳಬೇಕು. ತುಂಬಿದ ತಃಖ್ತೆಯ ಅಂಕಿಗಳನ್ನು ಅಳಿಸಿ ಅದನ್ನೇ ಹೊಸ ನಮೂನೆಯಾಗಿ ಬಳಸುವುದು ಒಳ್ಳೆಯದಲ್ಲ.

ಇಷ್ಟೆಲ್ಲಕ್ಕೂ ಹಿಡಿಯುವ ಹೊತ್ತು ಕೆಲವು ನಿಮಿಷಗಳು ಮಾತ್ರ. ಮುಂಗಾರು ಆರಂಭವಾಗುವುದಕ್ಕೆ ಮೊದಲೇ ಇದನ್ನು ಮಾಡಿ ಮುಗಿಸಿದರೆ, ಸಮೀಕ್ಷೆಯ ಮೊದಲನೆಯ ಕಾಗದವು ತನ್ನದೇ ವರ್ಷದ, ತನ್ನದೇ ಗ್ರಾಮದ ಖಾನೆಯನ್ನು ಸೇರುವುದು. ಸುಗ್ಗಿಯ ಕಾಲಕ್ಕೆ ರೈತನು ಬಂದು ತನ್ನ ಜಮೀನಿನ ಲೆಕ್ಕವನ್ನು ಕೇಳಿದಾಗ, ಅವನ ಹೊಲದಲ್ಲಿ ಈ ವರ್ಷ ಇದ್ದ ಬೆಳೆಯೇ ಕಚೇರಿಯ ಕಾಗದದಲ್ಲಿಯೂ ಇರುವುದು.