ಗದ್ದಕ್ಕೆ ಪೆಟ್ಟು ಬಿದ್ದರೆ ಕೀಲನ್ನೂ ನೋಡೋಣ

ತೆಂಗಿನ ಸುಳಿಗೆ ಕುರುವಾಯಿ ಹುಳ ಬಿದ್ದರೆ ನಾವು ಅಂದೇ ಮದ್ದು ಹುಡುಕುತ್ತೇವೆ. ಆದರೆ ಮಗು ಗೇರುಮರದಿಂದಲೋ ತೋಡಿನ ಸಂಕದಿಂದಲೋ ಬಿದ್ದು ಗದ್ದ ಒಡೆದುಕೊಂಡರೆ, ಹೊಲಿಗೆ ಹಾಕಿಸಿ ಸುಮ್ಮನಾಗುತ್ತೇವೆ. ಗದ್ದದ ಪೆಟ್ಟು ದವಡೆಯ ಕೀಲಿಗೂ ತಲುಪುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ. ಈ ಕೀಲು ಬೆಳೆಯುವ ಬಗೆಯನ್ನು ಈ ಸಲ ತಿಳಿದುಕೊಳ್ಳೋಣ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿರಿ. ಅಲ್ಲಿ ಅಲುಗಾಡುವುದು ಕೆಳದವಡೆಯ ತಲೆ. ಅದರ ಮೇಲೆ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ತೆಳು ಪದರವಿದೆ. ಮಕ್ಕಳಲ್ಲಿ ಈ ಪದರದ ಜೀವಕೋಶಗಳು ಒಡೆದು ಎರಡಾಗುತ್ತಾ ಹೆಚ್ಚುತ್ತವೆ. ಕ್ರಮೇಣ ಅವುಗಳ ಜಾಗದಲ್ಲಿ ಗಟ್ಟಿ ಎಲುಬು ಬರುತ್ತದೆ. ಕೆಳದವಡೆ ಉದ್ದವಾಗುವ ಮುಖ್ಯ ದಾರಿಗಳಲ್ಲಿ ಇದೊಂದು.

ಜೀವಕೋಶಗಳಿಗೆ ಬೆಳೆಯುವ ಸೂಚನೆ ಎಲ್ಲಿಂದ ಬರುತ್ತದೆ? ಸಸ್ಯಗಳಿಂದ ಆರಂಭಿಸೋಣ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ದತ್ತೂರಿ ಗಿಡದ ಎಳೆಯ ಭ್ರೂಣಗಳನ್ನು ತೆಂಗಿನಕಾಯಿಯ ನೀರು ಸೇರಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಬೆಳವಣಿಗೆಯನ್ನು ಪ್ರಚೋದಿಸುವ ವಸ್ತುಗಳು ಆ ನೀರಿನಲ್ಲಿವೆ. ನಮ್ಮ ದೇಹದಲ್ಲಿ ಇದೇ ರೀತಿಯ ಕೆಲಸ ಮಾಡುವ ಪ್ರೋಟೀನುಗಳಿಗೆ ಬೆಳವಣಿಗೆಯ ಅಂಶಗಳು ಎಂದು ಹೆಸರು. ಇವುಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಹಾಗೂ ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಪ್ರಾಣಿಗಳ ದವಡೆಯ ಕೀಲಿನಿಂದ ತೆಗೆದ ಜೀವಕೋಶಗಳ ಮೇಲೆ ಇವನ್ನು ಪರೀಕ್ಷಿಸಿದ್ದಾರೆ. ಐ.ಜಿ.ಎಫ್.-1 ಎಂಬುದು ಜೀವಕೋಶಗಳನ್ನು ಹೆಚ್ಚಿಸುತ್ತದೆ, ಮೃದ್ವಸ್ಥಿಗೆ ಬೇಕಾದ ನಾರು-ಅಂಟುಗಳನ್ನೂ ಮಾಡಿಸುತ್ತದೆ. ಎಫ್.ಜಿ.ಎಫ್.-2 ಜೀವಕೋಶಗಳನ್ನು ಬಹಳ ಹೆಚ್ಚಿಸಿದರೂ ನಾರು-ಅಂಟು ಕಡಿಮೆಯಾಗಬಹುದು. ಸಾರಜನಕ ಮಿತಿಮೀರಿದ ಗಿಡದಲ್ಲಿ ಎಲೆ ಸೊಕ್ಕಿ ಕಾಯಿ ಇಳಿದಂತೆ. ಟಿ.ಜಿ.ಎಫ್.-ಬೀಟಾ ನಾರನ್ನು ಕೂಡಿಸುತ್ತದೆ. ಆದರೆ ಅಡಿಕೆ ಜಗಿಯುವವರ ಕೆನ್ನೆಯೊಳಗೆ ನಾರುಗಟ್ಟಿ ಬಾಯಿ ಬಿಗಿಯುವ ರೋಗದಲ್ಲೂ ಇದರದೇ ಕೈವಾಡವಿದೆ. ಗೊಬ್ಬರದಂತೆ ಇಲ್ಲಿಯೂ ಯಾವುದು, ಎಷ್ಟು, ಯಾವಾಗ ಎಂಬುದೇ ಮುಖ್ಯ. ಅಗಿಯುವಾಗಿನ ಒತ್ತಡ, ಚಲನೆಗಳೂ ಈ ಬೆಳವಣಿಗೆಗೆ ಬೇಕು.

ಈಗ ಬಿದ್ದ ಮಗುವಿನ ವಿಷಯಕ್ಕೆ ಬರೋಣ. ಪೆಟ್ಟಿನಿಂದ ಕೀಲಿನೊಳಗೆ ರಕ್ತ ಸುರಿದು, ನೋವಿಗೆ ಹೆದರಿ ಮಗು ಬಾಯಿ ಆಡಿಸದೆ ಇದ್ದರೆ, ಕೆಲವೊಮ್ಮೆ ಎಲುಬು ಎಲುಬಿಗೆ ಬೆಸೆದುಕೊಳ್ಳುತ್ತದೆ. ಆಗ ಬಾಯಿ ತೆರೆಯದು. ಆ ಬದಿಯ ದವಡೆ ಬೆಳೆಯದೆ ಮುಖ ಓರೆಯಾಗುತ್ತದೆ. ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಆದ್ದರಿಂದ ಗದ್ದಕ್ಕೆ ಪೆಟ್ಟಾದಾಗ ಕೀಲನ್ನೂ ಪರೀಕ್ಷಿಸಲು ವೈದ್ಯರಲ್ಲಿ ಕೇಳೋಣ. ಬಾಯಿ ತೆರೆಯುವಾಗ ಗದ್ದ ಒಂದು ಬದಿಗೆ ವಾಲುತ್ತದೆಯೇ, ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ, ಕಿವಿಯ ಮುಂದೆ ಬಾವಿದೆಯೇ, ಮಗುವಿನ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದು ವಾರಗಳ ನಂತರವೂ ನೋಡುತ್ತಿರೋಣ. ಸಂಶಯವಿದ್ದರೆ ದೇರಳಕಟ್ಟೆ, ಮಣಿಪಾಲಗಳ ದಂತವೈದ್ಯ ಕಾಲೇಜುಗಳಲ್ಲಿ ದವಡೆಯ ತಜ್ಞರಿದ್ದಾರೆ. ಬಾಯಿ ಆಡಿಸುವ ವ್ಯಾಯಾಮವನ್ನು ಅವರು ಹೇಳಿದಂತೆಯೇ ಮಾಡಿಸಬೇಕು.

ಸವೆದ ಕೀಲನ್ನು ಹೊಸದಾಗಿ ಬೆಳೆಸುವ ಟಾನಿಕ್ ಯಾವುದೂ ಇಲ್ಲ; ಎಳನೀರೂ ಆ ಕೆಲಸ ಮಾಡದು. ಜಾಹೀರಾತು ನಂಬಿ ಅಡಿಕೆ ಮಾರಿದ ಹಣ ಕಳೆಯದಿರೋಣ. ಬೆಳೆಸುವವನು ದೇವರು, ಕಾಯುವ ಕೆಲಸ ನಮ್ಮದು.