ಸೇವೆಗೆ ತಕ್ಕ ವಿದ್ಯೆ

ವೃತ್ತಿಯ ಆಯ್ಕೆ ಬಾಳಿನಲ್ಲಿ ಒಮ್ಮೆ ಮಾತ್ರ ನಡೆಯುವ ಕಾರ್ಯವೆಂದು ಅನೇಕರು ತಿಳಿದಿರುತ್ತಾರೆ. ಓದು ಮುಗಿದು ಉದ್ಯೋಗ ದೊರೆತ ಮೇಲೆ ಆ ಪ್ರಶ್ನೆ ಮತ್ತೆ ಏಳುವುದಿಲ್ಲವೆಂಬುದು ಅವರ ನಂಬಿಕೆ. ಆದರೆ ಒಮ್ಮೊಮ್ಮೆ ಮನೆಗೆ ಬಂದ ಒಂದು ಕಷ್ಟವೇ ಆ ಪ್ರಶ್ನೆಯನ್ನು ಮತ್ತೆ ಎತ್ತಿ ಎದುರಿಗೆ ನಿಲ್ಲಿಸುತ್ತದೆ. ಆಗ ಹೊಸ ದಾರಿ ಹಿಡಿಯಲು ಉತ್ಸಾಹವೊಂದೇ ಸಾಲದು; ವಿವೇಕವೂ ಬೇಕು.

ಗುಬ್ಬಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತರುಣಿಯೊಬ್ಬಳ ಸಂಗತಿ ಇಂಥದು. ಅವಳಿಗೆ ಇಪ್ಪತ್ತೇಳು ವರ್ಷ. ಓದಿದ್ದು ವಾಣಿಜ್ಯ ಪದವಿ. ಒಂದು ಮುಂಜಾನೆ ಅವಳ ತಂದೆ ಪಾರ್ಶ್ವವಾಯುವಿನಿಂದ ಕುಸಿದರು. ತುಮಕೂರಿನ ಆಸ್ಪತ್ರೆಯಲ್ಲಿ ಮೂರು ವಾರ ಅವಳು ತಂದೆಯ ಬಳಿಯೇ ಉಳಿದಳು. ರಾತ್ರಿಯ ಪಾಳಿಗೆ ಕುಣಿಗಲಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ದಾದಿಯೊಬ್ಬರು ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ಹಾಗೆ ಮಾಡದಿದ್ದರೆ ಒಂದೇ ಕಡೆ ಭಾರ ಬಿದ್ದು, ಅಲ್ಲಿ ರಕ್ತಸಂಚಾರ ಕುಂದಿ, ಹುಣ್ಣಾಗುತ್ತದೆಂದು ಮಗಳಿಗೂ ತಿಳಿಸಿ, ಮಗ್ಗುಲು ಹೊರಳಿಸುವ ಕ್ರಮವನ್ನು ಕಲಿಸಿಕೊಟ್ಟರು. ತಂದೆ ಮನೆಗೆ ಹೊರಟ ದಿನ ಅವರ ಬೆನ್ನಿನ ಮೇಲೆ ಒಂದು ಹುಣ್ಣೂ ಇರಲಿಲ್ಲ. ಈ ಕೆಲಸವೇ ತನ್ನದಾಗಬೇಕೆಂದು ಮಗಳು ಅಂದೇ ನಿಶ್ಚಯಿಸಿದಳು.

ನಿಶ್ಚಯ ಸುಲಭವಾಯಿತು, ದಾರಿ ತಿಳಿಯಲಿಲ್ಲ. ಡಾಕ್ಟರಾಗದೆ ಆಸ್ಪತ್ರೆ ಸೇರಿ ಏನು ಫಲ ಎಂದರು ಒಬ್ಬ ಬಂಧು. ಅಂಚೆಯ ಮೂಲಕ ಇನ್ನೊಂದು ಪದವಿ ಪಡೆದರೆ ಸಾಕೆಂದರು ಮತ್ತೊಬ್ಬರು. ದಿಕ್ಕು ತೋಚದೆ ಅವಳು ಆ ದಾದಿಯನ್ನೇ ಕಂಡು ಕೇಳಿದಳು: “ಸಿಸ್ಟರ್, ನಾನು ಯಾವ ಪದವಿಗೆ ಸೇರಲಿ?”

“ನೋಡಮ್ಮ, ಪದವಿಯ ಹೆಸರು ಆಮೇಲೆ ಕೇಳು. ದಿನವಿಡೀ ನಿನ್ನ ಕೈ ಯಾವ ಕೆಲಸ ಮಾಡಬೇಕೆಂದು ನಿನಗೆ ಆಸೆ? ಅದನ್ನು ಮೊದಲು ಹೇಳು” ಎಂದರು ಅವರು.

ಈ ಮಾತಿನಲ್ಲಿ ದೊಡ್ಡ ತಿಳಿವಳಿಕೆ ಅಡಗಿದೆ. ಆರೋಗ್ಯಸೇವೆಯ ಬಾಗಿಲು ಒಂದಲ್ಲ. ಒಂದೊಂದು ಬಾಗಿಲಿಗೂ ಬೇರೆ ಬೇರೆ ಬೀಗ. ತುಮಕೂರಿನಲ್ಲಿ 1988ರಲ್ಲಿಯೇ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ವೈದ್ಯ ಪದವಿಗೆ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಕಡ್ಡಾಯ ತರಬೇತಿ ಪಡೆಯಬೇಕು. ಆ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ದ್ವಿತೀಯ ಪಿಯುಸಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರಿಗೂ ಅವಕಾಶ ನೀಡುವುದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಪ್ರಕಟಿಸಿತು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ನಾಲ್ಕು ವರ್ಷದ ಬಿ.ಫಾರ್ಮಾಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತವಿದ್ದರೂ ಆಗುತ್ತದೆ. ವಿಜ್ಞಾನ ಓದದವರು ಆ ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹೊಸದಾಗಿ ಕಲಿಯಬಹುದು. ಅನ್ಯ ಪದವೀಧರರು ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣ ಪಡೆದು, ರೋಗಿಗೂ ಅವನ ಕುಟುಂಬಕ್ಕೂ ಆಸರೆಯಾಗುವ ಕೆಲಸಕ್ಕೆ ಬರಬಹುದು.

ತರುಣಿಗೆ ಬೇಕಾಗಿದ್ದುದು ರೋಗಿಯ ಹಾಸಿಗೆಯ ಬಳಿಯ ಕೆಲಸ. ಆ ವಿದ್ಯೆ ಅಂಚೆಯಲ್ಲಿ ಬರತಕ್ಕದ್ದಲ್ಲ. ವಾರ್ಡಿನಲ್ಲಿ ನಿಂತೇ ಕಲಿಯಬೇಕು. ವಾಣಿಜ್ಯ ಓದಿದವರಿಗೂ ತೆರೆದಿರುವ ಒಂದು ದಾರಿಯನ್ನು ದಾದಿ ತೋರಿಸಿದರು. ಅದು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಅದಕ್ಕೆ ಯಾವುದೇ ವಿಭಾಗದಲ್ಲಿ ಪಿಯುಸಿ ತೇರ್ಗಡೆಯಾದವರು ಸೇರಬಹುದು. ಒಟ್ಟಿನಲ್ಲಿಯೂ ಇಂಗ್ಲಿಷಿನಲ್ಲಿಯೂ ನೂರಕ್ಕೆ 40 ಅಂಕ ಬಂದಿರಬೇಕು, ವಯಸ್ಸು 35 ಮೀರಿರಬಾರದು. ಅದನ್ನು ಮುಗಿಸಿ ನೋಂದಣಿ ಪಡೆದವರು ಮುಂದೆ ಎರಡು ವರ್ಷ ಓದಿ ಪದವಿಯನ್ನೂ ಪಡೆಯಬಹುದು. “ಹಣ ಕಟ್ಟುವ ಮೊದಲು ಆ ಶಾಲೆಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸು. ಮಾನ್ಯತೆಯಿಲ್ಲದ ಕಡೆ ಓದಿದರೆ ನೋಂದಣಿ ಸಿಗದು; ವರ್ಷವೂ ಹೋಯಿತು, ಹಣವೂ ಹೋಯಿತು” ಎಂದು ಎಚ್ಚರಿಸಿದರು.

ಪದವೀಧರೆಯಾದವಳು ಮತ್ತೆ ಡಿಪ್ಲೊಮಾ ಓದುವುದೇ ಎಂದು ಬಂಧುಗಳು ಆಕ್ಷೇಪಿಸಿದರು. ಇಂಥ ಆಕ್ಷೇಪ ಹೊಸದಲ್ಲ. ಆಲ್ಬರ್ಟ್ ಶ್ವೈಟ್ಜರ್ ತತ್ತ್ವಶಾಸ್ತ್ರದಲ್ಲಿಯೂ ಧರ್ಮಶಾಸ್ತ್ರದಲ್ಲಿಯೂ ಪಂಡಿತರು, ಹೆಸರಾಂತ ಆರ್ಗನ್ ವಾದಕರು. 1905ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಆಫ್ರಿಕದ ರೋಗಿಗಳ ಸೇವೆಗಾಗಿ ವೈದ್ಯ ವಿದ್ಯೆ ಕಲಿಯಲು ಅವರು ನಿರ್ಧರಿಸಿದಾಗ, ಇದ್ದ ಪ್ರತಿಭೆಯನ್ನು ಮಣ್ಣುಪಾಲು ಮಾಡುತ್ತಿರುವಿರೆಂದು ಆಪ್ತರೇ ಹಳಿದರು. ಅವರು ತಾವು ಪಾಠ ಹೇಳುತ್ತಿದ್ದ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿಯೇ ವಿದ್ಯಾರ್ಥಿಯಾಗಿ ಕುಳಿತರು. ಅವರ ಪತ್ನಿ ಹೆಲೆನ್ ನರ್ಸಿಂಗ್ ತರಬೇತಿ ಪಡೆದರು. 1913ರಲ್ಲಿ ಇಬ್ಬರೂ ಗ್ಯಾಬೊನ್ ನಾಡಿನ ಲಾಂಬರೆನೆಗೆ ಹೋಗಿ ಆಸ್ಪತ್ರೆ ತೆರೆದರು. ಅಲ್ಲಿ ವೈದ್ಯನೂ ಬೇಕಾಗಿದ್ದ, ದಾದಿಯೂ ಬೇಕಾಗಿದ್ದಳು. ಮುಂದೆ ಶ್ವೈಟ್ಜರ್ ಅವರಿಗೆ 1952ರ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಗುಬ್ಬಿಯ ತರುಣಿ ಮಂಡಿಯ ಲೆಕ್ಕಪುಸ್ತಕವನ್ನು ಒಪ್ಪಿಸಿ ಶಾಲೆ ಸೇರಿದಳು. ಮೂರು ವರ್ಷ ಸಂಬಳವಿಲ್ಲ; ತಂದೆ ಇನ್ನೂ ಕೋಲು ಹಿಡಿದು ನಡೆಯುತ್ತಾರೆ. ಅವಳ ಹಳೆಯ ವಿದ್ಯೆಯೂ ವ್ಯರ್ಥವಾಗಲಿಲ್ಲ. ಅಂಕಿಯನ್ನು ತಪ್ಪಿಲ್ಲದೆ ಬರೆಯುವ ಅಭ್ಯಾಸ, ಔಷಧದ ಪ್ರಮಾಣವನ್ನು ಬರೆದಿಡುವಾಗ ಅವಳ ನೆರವಿಗೆ ಬಂದಿತು. ಪದವಿ ಕೊರಳಿನ ಆಭರಣವಲ್ಲ, ಕೈಯ ಸಲಕರಣೆ. ಮಾಡಬೇಕಾದ ಕೆಲಸವನ್ನು ಅರಿತವನು ಮಾತ್ರ ತಕ್ಕ ಸಲಕರಣೆಯನ್ನು ಆರಿಸಬಲ್ಲನು.

ಅಭ್ಯಾಸ

1. ತರುಣಿಯ ಮನಸ್ಸು ಆರೋಗ್ಯಸೇವೆಯತ್ತ ತಿರುಗಲು ಕಾರಣವೇನು?
2. “ಪದವಿಯ ಹೆಸರು ಆಮೇಲೆ ಕೇಳು” ಎಂಬ ದಾದಿಯ ಮಾತಿನ ತಾತ್ಪರ್ಯವನ್ನು ವಿವರಿಸಿರಿ.
3. ಶ್ವೈಟ್ಜರ್ ದಂಪತಿಗಳ ಆಯ್ಕೆಗೂ ತರುಣಿಯ ಆಯ್ಕೆಗೂ ಇರುವ ಹೋಲಿಕೆಯನ್ನು ತಿಳಿಸಿರಿ.