ಹವಾಯಿ ದ್ವೀಪಗಳಲ್ಲಿ ಬಡವನ ಬಿಡಾರ

ಕಾಸಿದ್ದರೆ ಕೈಲಾಸ ಎಂಬ ಗಾದೆ ನಮ್ಮಲ್ಲಿ ಹಳೆಯದು. ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳಿಗೆ ಈ ಮಾತು ಚೆನ್ನಾಗಿ ಒಪ್ಪುವಂತೆ ತೋರುತ್ತದೆ. 2023ರಲ್ಲಿ ಅಲ್ಲಿನ ಹೋಟೆಲ್ ಕೊಠಡಿಯೊಂದರ ಸರಾಸರಿ ದಿನಬಾಡಿಗೆ 350 ಡಾಲರುಗಳಿಗೂ ಮೇಲಿತ್ತು. ಹೀಗಿದ್ದೂ ಅಲ್ಪ ಹಣವುಳ್ಳ ಪ್ರವಾಸಿಗಳು ಅದೇ ಕಡಲ ತೀರದಲ್ಲಿ ಡೇರೆ ಹಾಕಿ, ಅದೇ ಸೂರ್ಯೋದಯವನ್ನು ಕಂಡು ಬರುತ್ತಾರೆ. ಇದು ಹೇಗೆ ಸಾಧ್ಯ? ನಾನು ಆ ದ್ವೀಪಗಳನ್ನು ಕಣ್ಣಾರೆ ಕಂಡವನಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಕುತೂಹಲವನ್ನುಂಟುಮಾಡಿತು. ಓದಿ ತಿಳಿದುದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತೇನೆ.

ಮೊದಲಿಗೆ, ಅಲ್ಲಿ ಬೆಲೆ ಏಕೆ ಹೆಚ್ಚೆಂಬುದನ್ನು ನೋಡೋಣ. ಹವಾಯಿ 1959ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಐವತ್ತನೆಯ ರಾಜ್ಯವಾಯಿತು. ಆದರೆ ಅದಕ್ಕೂ ಕ್ಯಾಲಿಫೋರ್ನಿಯದ ಕರಾವಳಿಗೂ ನಡುವೆ ಸುಮಾರು 3,800 ಕಿಲೋಮೀಟರು ನೀರು. ಜನರು ಉಣ್ಣುವ ಆಹಾರದಲ್ಲಿ ನೂರಕ್ಕೆ 85ರಿಂದ 90 ಪಾಲು ಹೊರಗಿನಿಂದ ಬರುತ್ತದೆಂದು ಅಂದಾಜು. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಅಮೆರಿಕದಲ್ಲಿಯೇ ಕಟ್ಟಿದ್ದೂ ಅಮೆರಿಕನ್ನರ ಒಡೆತನದ್ದೂ ಆಗಿರಬೇಕೆಂದು 1920ರ ಜೋನ್ಸ್ ಕಾಯಿದೆ ವಿಧಿಸುತ್ತದೆ. ಅಂಥ ಹಡಗುಗಳು ಕೆಲವೇ ಆದುದರಿಂದ ಪೈಪೋಟಿ ಕಡಿಮೆ, ಸಾಗಣೆಯ ದರ ಹೆಚ್ಚು. ನೆಲವೂ ಕೊಂಚ, ಕೊಳ್ಳುವವರು ಅನೇಕ.

ಈ ಬೆಲೆಯನ್ನು ಇಳಿಸುವುದು ಪ್ರವಾಸಿಯ ಕೈಯಲ್ಲಿಲ್ಲ. ಅವನ ನೆರವಿಗೆ ಬರುವುದು ಒಂದು ಸಾರ್ವಜನಿಕ ಹಕ್ಕು. ಮೊಲೊಕಾಯಿ ದ್ವೀಪದ ಜಮೀನೊಂದರ ಹಳೆಯ ಪತ್ರದಲ್ಲಿ ಅದರ ಎಲ್ಲೆ ‘ಕಡಲ ಉದ್ದಕ್ಕೂ’ ಎಂಬ ಅರ್ಥದ ಹವಾಯಿ ಮಾತಿತ್ತು. ಹಾಗಾದರೆ ಕಡಲು ಎಲ್ಲಿಯವರೆಗೆ? ಆಶ್‌ಫೋರ್ಡ್ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯದಲ್ಲಿ 1968ರಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ ಮೋಜಣಿಯ ಲೆಕ್ಕವನ್ನಷ್ಟೇ ನೆಚ್ಚದೆ, ಆ ನೆಲದಲ್ಲಿ ಬಾಳಿದ ಹಳಬರ ಸಾಕ್ಷ್ಯವನ್ನು ಮನ್ನಿಸಿತು. ಅಲೆ ಮೇಲೇರಿ ತೊಳೆಯುವ ಕೊನೆಯ ಗೆರೆ, ಎಂದರೆ ದಡದ ಹಸುರಿನ ಅಂಚು ಅಥವಾ ನೀರು ತಂದೊಗೆದ ಕಸಕಡ್ಡಿಯ ಸಾಲು, ಅದೇ ಜಮೀನಿನ ಎಲ್ಲೆಯೆಂದು ಮುಖ್ಯ ನ್ಯಾಯಾಧೀಶ ವಿಲಿಯಂ ರಿಚರ್ಡ್‌ಸನ್ನರು ತೀರ್ಪು ಬರೆದರು. ಅದರಿಂದೀಚೆಗೆ, ದೊಡ್ಡ ಹೋಟೆಲಿನ ಮುಂದಣ ಮರಳಾದರೂ ಅಲೆ ಮುಟ್ಟುವಷ್ಟು ಜಾಗ ಎಲ್ಲರದೆಂಬುದು ಅಲ್ಲಿ ನೆಲೆನಿಂತಿದೆ.

ಆದರೆ ಮರಳಿನ ಮೇಲೆ ನಡೆಯುವ ಹಕ್ಕು ಬೇರೆ, ಅಲ್ಲಿ ರಾತ್ರಿ ಕಳೆಯುವ ಹಕ್ಕು ಬೇರೆ. ಡೇರೆ ಹಾಕಲು ಸರ್ಕಾರಿ ಉದ್ಯಾನಗಳಲ್ಲಿ ಗೊತ್ತುಮಾಡಿದ ಸ್ಥಳಗಳಿವೆ. ಮುಂಚಿತವಾಗಿ ಪರವಾನಗಿ ಪಡೆಯಬೇಕು. 2023ರಲ್ಲಿ ರಾಜ್ಯದ ಉದ್ಯಾನಗಳಲ್ಲಿ ಒಂದು ಸ್ಥಳಕ್ಕೆ ರಾತ್ರಿಯೊಂದಕ್ಕೆ ಸ್ಥಳೀಯರಿಗೆ 20, ಹೊರಗಿನವರಿಗೆ 30 ಡಾಲರುಗಳ ಶುಲ್ಕವಿತ್ತು. ನಾಲ್ವರು ಕೂಡಿದರೆ ತಲೆಗೆ ಏಳೂವರೆ ಡಾಲರು! ಒವಾಹು ದ್ವೀಪದ ರಾಜ್ಯ ಉದ್ಯಾನಗಳಲ್ಲಿ ಬುಧವಾರ, ಗುರುವಾರಗಳ ರಾತ್ರಿ ಬಿಡಾರಕ್ಕೆ ಅವಕಾಶವಿಲ್ಲ. ಇದನ್ನರಿಯದೆ ಹೋದವನು ಎರಡು ರಾತ್ರಿ ಹೋಟೆಲಿಗೆ ತೆರಬೇಕಾದೀತು. ಅಲ್ಲಿನ ಬಸ್ಸು ಅಗ್ಗವಾದರೂ ಒಯ್ಯುವ ಹೊರೆಗೆ ಅದರಲ್ಲಿ ಮಿತಿಯಿದೆ. ಒಲೆಯ ಅನಿಲದ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಬೇಕು. ಸಂತೆಗಳಲ್ಲಿ ಅಲ್ಲಿಯೇ ಬೆಳೆದ ಪಪ್ಪಾಯಿ, ಬಾಳೆ, ಗೆಣಸು ದೊರೆಯುತ್ತವೆ. ನಮ್ಮ ಮಲೆನಾಡಿನವರು ಬಲ್ಲ ಕೆಸುವಿನ ಗಡ್ಡೆ ಆ ನೆಲದ ಮೂಲನಿವಾಸಿಗಳ ಪುರಾತನ ಆಹಾರ.

ಮಿತವ್ಯಯ ಮಾಡಬಾರದ ವಿಷಯವೊಂದಿದೆ, ಅದು ಎಚ್ಚರಿಕೆ. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಅದರಲ್ಲಿ ಇಲಿಜ್ವರದ ರೋಗಾಣುವಿರಬಹುದು, ಕುದಿಸದೆ ಕುಡಿಯಲಾಗದು. ಕವಾಯಿ ದ್ವೀಪದಲ್ಲಿ 2018ರ ಏಪ್ರಿಲ್ 14–15ರಂದು 24 ಗಂಟೆಗಳಲ್ಲಿ 49.69 ಅಂಗುಲ ಮಳೆ ಬಿದ್ದಿತು. ಅಲ್ಲಿನ ಪ್ರಸಿದ್ಧವಾದ ಕಲಲಾವು ಕಾಲುದಾರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ತೊರೆ ಉಕ್ಕಿದಾಗ ದಾಟದೆ ಕಾಯುವುದೇ ವಿವೇಕ.

ಇನ್ನು ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿಯನ್ನು ಹೇಳಬೇಕು. ಹವಾಯಿಯ ಕಡಲ ತೀರದಲ್ಲಿ ಕಾಣುವ ಡೇರೆಗಳೆಲ್ಲ ಪ್ರವಾಸಿಗಳವಲ್ಲ. ಒವಾಹು ದ್ವೀಪದ ಪಶ್ಚಿಮ ತೀರದ ವೈಯನಾಯ್ ದೋಣಿ ಬಂದರಿನ ಬಳಿ, ಬಾಡಿಗೆ ತೆರಲಾರದ ಜನರು ವರ್ಷಗಟ್ಟಲೆ ಡೇರೆಗಳಲ್ಲಿ ಒಂದು ಹಳ್ಳಿಯನ್ನೇ ನಡೆಸಿದರು. ಅವರಲ್ಲಿ ಅನೇಕರು ಆ ನೆಲದ ಮೂಲನಿವಾಸಿಗಳು. 2020ರಲ್ಲಿ ಆ ಸಮುದಾಯಕ್ಕಾಗಿ ಹತ್ತಿರದ ಕಣಿವೆಯಲ್ಲಿ 20 ಎಕರೆ ನೆಲವನ್ನು ಕೊಳ್ಳಲಾಯಿತು. ಪ್ರವಾಸಿಯ ಡೇರೆ ವಾರದ ವಿನೋದ. ಇವರ ಡೇರೆ ಬದುಕಿನ ಕೊನೆಯ ಆಸರೆ. ಎರಡಕ್ಕೂ ಕಾರಣವಾದ ದುಬಾರಿ ಬೆಲೆ ಒಂದೇ.

ಆದ್ದರಿಂದ ಪರವಾನಗಿಯಿಲ್ಲದೆ ಕದ್ದು ಮಲಗುವುದನ್ನು ಜಾಣತನವೆಂದು ನಾನು ಒಪ್ಪಲಾರೆ. ಆ ಅಲ್ಪ ಶುಲ್ಕವೇ ಉದ್ಯಾನದ ನೀರಿಗೆ, ಶೌಚಗೃಹಕ್ಕೆ, ದಾರಿಯ ದುರಸ್ತಿಗೆ ಆಧಾರ. ಹೊರಗಿನವನು ಹತ್ತು ಡಾಲರು ಹೆಚ್ಚು ತೆರುವುದೂ ನ್ಯಾಯವೇ. ಎಲ್ಲರ ಸೊತ್ತು ಎಂಬುದನ್ನು ಯಾರದೂ ಅಲ್ಲದ ಸೊತ್ತು ಎಂದು ತಿಳಿದರೆ ಅದು ಬೇಗ ಹಾಳಾಗುತ್ತದೆ. ಹಾಳಾದ ಮೇಲೆ ಬೇಲಿ ಬೀಳುತ್ತದೆ. ಬೇಲಿ ಬಿದ್ದಾಗ ಮೊದಲು ಹೊರಗುಳಿಯುವವನು ಬಡವನೇ. ಹಣವಂತನಿಗೆ ಬೇರೆ ಬಾಗಿಲುಗಳಿರುತ್ತವೆ. ಈ ಕಾರಣದಿಂದ, ಬಿಡಾರ ಕಿತ್ತು ಹೊರಡುವ ಮುನ್ನ ಸುತ್ತಲಿನ ಕಸವನ್ನು ಆರಿಸಿಕೊಳ್ಳುವುದು ಬರಿಯ ಶಿಷ್ಟಾಚಾರವೆಂದು ನಾನು ಭಾವಿಸಿಲ್ಲ. ಮುಂದೆ ಬರುವ ಬಡ ಪ್ರವಾಸಿಗೆ ಜಾಗ ಕಾದಿರಿಸುವ ರೀತಿ ಅದು.